ಆ ತಳ್ಳುಗಾಡಿ ಯಾರದು?

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಾನು ದಾವಣಗೆರೆಯ ಹುಡುಗ. ಈಗ ಅಮೆರಿಕದ ಮಿಷಿಗನ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಇಲ್ಲಿನ ಡೆಟ್ರಾಯಿಟ್ ನಗರದಲ್ಲಿ 1967ರಲ್ಲಿ ನಡೆದ ಗಲಭೆ ಬಗ್ಗೆ ಒಂದು ಚಿತ್ರಕಥೆ ಬರೆಯುತ್ತಿದ್ದೇನೆ, ಮೊದಲು ಕನ್ನಡದಲ್ಲೇ. ಸದ್ಯಕ್ಕೆ ಹೆಸರು ‘ಗಲಭೆ’. ಹನ್ನೊಂದು ಪಾತ್ರಗಳಿವೆ, ಹೀರೋ ಯಾರೂ ಇಲ್ಲ. ಪೊಲೀಸ್ ದಾಳಿಯಿಂದ ಶುರುವಾಗಿ, ಬೆಂಕಿ ಆರುವಲ್ಲಿಗೆ ಮುಗಿಯುತ್ತದೆ. ಯಾರ ಪರವೂ ವಾಲಬಾರದು ಅಂತ ಎರಡೂ ಕಡೆಯವರಿಗೆ ಸಮ ಸಮ ಜಾಗ ಕೊಟ್ಟಿದ್ದೇನೆ. ಓದಿದ ಗೆಳೆಯರು ‘ಹೀರೋ ಇಲ್ಲದಿದ್ದರೆ ಯಾರನ್ನು ಹಿಡಿದುಕೊಂಡು ಸಿನಿಮಾ ನೋಡೋದು?’ ಅಂತಾರೆ. ಒಬ್ಬನಂತೂ ‘ಇದು ನಿನ್ನ ಕಥೆಯೇ ಅಲ್ಲ, ಬಿಟ್ಟುಬಿಡು’ ಅಂದ. ನಿಮಗೆ ಏನನಿಸುತ್ತದೆ?

ಸಂಪಾದಕರ ಉತ್ತರ

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ಎರಡು ಸಾಲು ಬರೆದು ಮುಗಿಸಲು ಮನಸ್ಸು ಬರಲಿಲ್ಲ. ಹನ್ನೊಂದು ಪಾತ್ರ ಇಟ್ಟುಕೊಂಡು ಹೀರೋ ಬೇಡ ಅಂತ ಹಟ ಹಿಡಿದಿದ್ದೀರಲ್ಲ, ಅದಕ್ಕೆ ಮೊದಲು ನಿಮ್ಮ ಬೆನ್ನು ತಟ್ಟಬೇಕು. ಆಮೇಲೆ ಬೇರೆ ಎರಡು ವಿಷಯಕ್ಕೆ ನಿಮ್ಮ ಜೊತೆ ಜಗಳ ಆಡಬೇಕು.

ಗೆಳೆಯರ ಮಾತು ಪೂರ್ತಿ ತಪ್ಪಲ್ಲ. ಕತ್ತಲಲ್ಲಿ ಎರಡೂವರೆ ಗಂಟೆ ಕೂತವನು ಒಬ್ಬರ ಬೆನ್ನು ಹತ್ತಿ ಹೋದರೆ ದಾರಿ ತಪ್ಪುವುದಿಲ್ಲ. ಅಷ್ಟು ಒಪ್ಪೋಣ. ಆದರೆ ಗಲಭೆಯ ಕಥೆಗೆ ಹೀರೋ ಬಂದ ಕೂಡಲೇ ಮಿಕ್ಕವರೆಲ್ಲ ಬರೀ ಗುಂಪಾಗಿಬಿಡುತ್ತಾರೆ. ನಮ್ಮ ಸಿನಿಮಾಗಳಲ್ಲಿ ನಾನು ಚಿಕ್ಕಂದಿನಿಂದ ನೋಡಿಕೊಂಡು ಬಂದ ದೃಶ್ಯ ಒಂದಿದೆ. ಮಾರ್ಕೆಟ್‌ನಲ್ಲಿ ಗಲಾಟೆ ಶುರುವಾಗುತ್ತದೆ. ಹೀರೋ ಓಡಿ ಬರುತ್ತಾನೆ. ಟೊಮೆಟೊ ತುಂಬಿದ ತಳ್ಳುಗಾಡಿಯೊಂದು ಪಲ್ಟಿ ಹೊಡೆಯುತ್ತದೆ. ಕುಂಕುಮದ ರಾಶಿ ಗಾಳಿಗೆ ಹಾರುತ್ತದೆ. ಕ್ಯಾಮೆರಾ ಮುಂದಕ್ಕೆ ಹೋಗಿಬಿಡುತ್ತದೆ. ಆ ತಳ್ಳುಗಾಡಿ ಯಾರದು? ಅವತ್ತು ಬೆಳಗಿನ ಜಾವ ಬಡ್ಡಿಗೆ ದುಡ್ಡು ತಂದು ಟೊಮೆಟೊ ಎತ್ತಿದ್ದಳಾ ಆಕೆ? ಸಂಜೆ ಆ ದುಡ್ಡು ಕೇಳಲು ಬಂದವನಿಗೆ ಏನು ಹೇಳಿದಳು? ಕ್ಯಾಮೆರಾ ಒಂದು ಸಲ ಹಿಂದಕ್ಕೆ ತಿರುಗಲಿ ಅಂತ ಎಷ್ಟೋ ವರ್ಷಗಳಿಂದ ಕಾಯುತ್ತಿದ್ದೇನೆ.

ಡೆಟ್ರಾಯಿಟ್‌ನಲ್ಲಿ ಆ ತಳ್ಳುಗಾಡಿಯ ಒಡೆಯನಿಗೆ ಒಂದು ಹೆಸರಿದೆ. ಜೋ ವಾನ್ ಬ್ಯಾಟಲ್.

ಆತನದು ಗ್ರಾಮಾಫೋನ್ ರೆಕಾರ್ಡ್ ಅಂಗಡಿ. 1945ರಲ್ಲಿ ಹೇಸ್ಟಿಂಗ್ಸ್ ಸ್ಟ್ರೀಟ್ ಅನ್ನುವ ಬೀದಿಯಲ್ಲಿ ತೆರೆದದ್ದು. ಅಂಗಡಿಯ ಹಿಂದುಗಡೆ ಒಂದು ಪುಟ್ಟ ಸ್ಟುಡಿಯೊ. ಬ್ಲೂಸ್ ಅನ್ನುವ, ಕಪ್ಪು ಜನರ ನೋವಿನ ಹಾಡು ಹಾಡುವವರು ಅಲ್ಲಿಗೆ ಬಂದು ಹಾಡುತ್ತಿದ್ದರು, ಜಾನ್ ಲೀ ಹೂಕರ್ ಕೂಡ. ಪಾದ್ರಿ ಸಿ. ಎಲ್. ಫ್ರಾಂಕ್ಲಿನ್ ಅವರ ಚರ್ಚ್ ಅದೇ ಬೀದಿಯಲ್ಲಿತ್ತು. ಅವರ ಪ್ರವಚನಗಳನ್ನು ಜೋ ರೆಕಾರ್ಡ್ ಮಾಡಿ ಮಾರುತ್ತಿದ್ದ. ಆ ಪಾದ್ರಿಯ ಹದಿನಾಲ್ಕು ವರ್ಷದ ಮಗಳು ಚರ್ಚ್‌ನಲ್ಲಿ ಹಾಡಿದ್ದನ್ನು 1956ರಲ್ಲಿ ಮೊದಲ ಬಾರಿ ಟೇಪಿಗೆ ಇಳಿಸಿದವನೂ ಅವನೇ. ಆ ಹುಡುಗಿ ಮುಂದೆ ಜಗತ್ತಿಗೇ ಹೆಸರಾದ ಗಾಯಕಿ ಅರೀಥಾ ಫ್ರಾಂಕ್ಲಿನ್.

ಈಗ ಆ ಬೀದಿ ಇದ್ದ ಜಾಗ ಹುಡುಕಿಕೊಂಡು ಹೋಗಿ. ಒಂದು ಭಾನುವಾರ ಬಿಡುವು ಮಾಡಿಕೊಂಡು ಹೋಗಿ. ಅಲ್ಲಿ ಹೆದ್ದಾರಿ ಸಿಗುತ್ತದೆ. ಆ ಭಾಗದ ಒಂದು ಕೇರಿಗೆ ಬ್ಲ್ಯಾಕ್ ಬಾಟಂ ಅಂತ ಹೆಸರು. ಅಲ್ಲಿದ್ದ ಜನರ ಬಣ್ಣ ನೋಡಿ ಇಟ್ಟ ಹೆಸರಲ್ಲ ಅದು. ಬಹಳ ಹಿಂದೆ ಅಲ್ಲಿ ಉಳುತ್ತಿದ್ದ ಫ್ರೆಂಚ್ ರೈತರು ಅಲ್ಲಿನ ಕಪ್ಪು ಮಣ್ಣು ನೋಡಿ ಕರೆದದ್ದು. ನಮ್ಮ ಕಡೆ ಎರೆಹೊಲ ಅನ್ನುತ್ತೇವಲ್ಲ, ಹಾಗೆ. ದಕ್ಷಿಣದ ಹತ್ತಿ ಹೊಲಗಳಿಂದ ಕಾರ್ ಕಾರ್ಖಾನೆಗಳಿಗೆ ದುಡಿಯಲು ಬಂದ ಕಪ್ಪು ಜನರಿಗೆ ಊರಲ್ಲಿ ಬೇರೆಲ್ಲೂ ಮನೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಅಲ್ಲೇ ಒತ್ತೊತ್ತಾಗಿ ಬದುಕಿದರು. ಅಂಗಡಿ, ಹೋಟೆಲು, ಡಾಕ್ಟರ ಶಾಪು, ಹಾಡಿನ ಕ್ಲಬ್ಬು ಎಲ್ಲ ಕಟ್ಟಿಕೊಂಡರು. 1950ರ ದಶಕದಲ್ಲಿ ‘ಕೊಳೆಗೇರಿ ತೆರವು’ ಅಂತ ಸರ್ಕಾರ ಬುಲ್ಡೋಜರ್ ಬಿಟ್ಟಿತು. ದಶಕದ ಕೊನೆ ಹೊತ್ತಿಗೆ ಹೇಸ್ಟಿಂಗ್ಸ್ ಸ್ಟ್ರೀಟ್ ಮೇಲೆಯೇ ಕ್ರೈಸ್ಲರ್ ಫ್ರೀವೇ ಅಗೆಯಲು ಶುರು ಮಾಡಿದರು. ಬಾಡಿಗೆ ಮನೆಯವರಿಗೆ ಹೋಗಿ ಅಂದರೇ ಹೊರತು ಎಲ್ಲಿಗೆ ಹೋಗಿ ಅಂತ ಹೇಳಲಿಲ್ಲ.

ಎಲ್ಲಿಗೆ ಹೋದರು ಗೊತ್ತಾ? ಬಹಳ ಜನ ಹನ್ನೆರಡನೇ ಬೀದಿಯ ಸುತ್ತಮುತ್ತ ಹೋದರು. ಇಬ್ಬರು ಇರುವ ಮನೆಯಲ್ಲಿ ಹತ್ತು ಜನ ಇರಬೇಕಾಯಿತು. ಜೋ ಕೂಡ ತನ್ನ ರೆಕಾರ್ಡ್‌ಗಳನ್ನೆಲ್ಲ ಕಟ್ಟಿಕೊಂಡು ಅಲ್ಲಿಗೇ ಹೋದ. 1967ರ ಜುಲೈನಲ್ಲಿ ಆ ಬೀದಿಯೇ ಹೊತ್ತಿ ಉರಿಯಿತು. ಅವನ ಅಂಗಡಿಯಲ್ಲಿ ಕರಗಿದ ರೆಕಾರ್ಡ್‌ಗಳ ಗುಡ್ಡೆ ಉಳಿಯಿತು. ಬೆಂಕಿಯಿಂದ ತಪ್ಪಿಸಿಕೊಂಡ ಟೇಪ್‌ಗಳು ಅಗ್ನಿಶಾಮಕದವರು ಹೊಡೆದ ನೀರಿನಲ್ಲಿ ಹಾಳಾದವು. ಎಷ್ಟೋ ಹಾಡುಗಳಿಗೆ ಇನ್ನೊಂದು ಪ್ರತಿ ಇರಲಿಲ್ಲ.

ಈಗ ಹೇಳಿ. ಈ ಮನುಷ್ಯನ ಅಂಗಡಿಯನ್ನು ಎರಡು ಸಲ ಕಿತ್ತುಕೊಂಡರು. ಮೊದಲ ಸಲ ನಕ್ಷೆ ಹಿಡಿದು ಬಂದರು, ಎರಡನೇ ಸಲ ಬೆಂಕಿ ಹಿಡಿದು ಬಂದರು. ಎರಡನೆಯದನ್ನು ಮಾತ್ರ ಗಲಭೆ ಅಂತ ಕರೆದರು. ನಿಮ್ಮ ಚಿತ್ರಕಥೆಯೂ ಎರಡನೆಯದರಿಂದಲೇ ಶುರುವಾಗುತ್ತದೆ. ಇದೇ ನನ್ನ ಮೊದಲ ಜಗಳ.

ಜುಲೈ 23ರ ಭಾನುವಾರ ನಸುಕಿನ ಪೊಲೀಸ್ ದಾಳಿ ಬೇಡ ಅಂತ ನಾನು ಹೇಳುತ್ತಿಲ್ಲ. ಅದನ್ನು ಯಾರು ತಾನೇ ಬಿಡಲು ಸಾಧ್ಯ? ಒಂದು ಪ್ರಿಂಟಿಂಗ್ ಪ್ರೆಸ್‌ನ ಮಹಡಿ ಮೇಲೆ ಲೈಸೆನ್ಸ್ ಇಲ್ಲದ ಕುಡಿತದ ಜಾಗ. ಅಲ್ಲಿಯವರ ಮಾತಲ್ಲಿ ‘ಬ್ಲೈಂಡ್ ಪಿಗ್’. ವಿಯೆಟ್ನಾಂ ಯುದ್ಧದಿಂದ ಜೀವಂತ ಮರಳಿದ ಇಬ್ಬರು ಹುಡುಗರಿಗೆ ಅಲ್ಲಿ ಪಾರ್ಟಿ ನಡೆಯುತ್ತಿತ್ತು. ಇಪ್ಪತ್ತು ಜನ ಇರಬಹುದು ಅಂದುಕೊಂಡು ಬಂದ ಪೊಲೀಸರಿಗೆ ಎಂಬತ್ತಕ್ಕೂ ಜಾಸ್ತಿ ಜನ ಸಿಕ್ಕರು. ಎಲ್ಲರನ್ನೂ ಹಿಡಿದರು. ಸಾಗಿಸಲು ಸಾಕಷ್ಟು ವ್ಯಾನ್ ಇರಲಿಲ್ಲ. ಆ ಸೆಕೆಯಲ್ಲಿ ವ್ಯಾನ್‌ಗೆ ಕಾಯುತ್ತಾ ಬೀದಿಯಲ್ಲಿ ನಿಲ್ಲಿಸಿಕೊಂಡರು. ಜನ ಸೇರಿದರು. ಒಂದು ಬಾಟಲಿ ಗಾಳಿಯಲ್ಲಿ ಹಾರಿ ಬಂತು. ಆದರೆ ಪ್ರೇಕ್ಷಕನಿಗೆ ಈ ದೃಶ್ಯ ಹತ್ತನೇ ನಿಮಿಷಕ್ಕೆ ಬಂದರೆ ಅವನು ಕೇಳುವುದು ಒಂದೇ ಪ್ರಶ್ನೆ: ಬಾಟಲಿ ಎಸೆದವರು ಯಾರು? ಅದೇ ದೃಶ್ಯ ಐವತ್ತನೇ ನಿಮಿಷಕ್ಕೆ ಬರಲಿ. ಅದಕ್ಕೆ ಮೊದಲು ಆ ಬೀದಿಯವರನ್ನು ಪೊಲೀಸರು ದಿನಾ ಹೇಗೆ ನಿಲ್ಲಿಸಿ ತಡಕಾಡುತ್ತಿದ್ದರು ಅಂತ ಅವನು ನೋಡಿರಲಿ. ಊರಿನ ಮೂರನೇ ಒಂದು ಪಾಲು ಕಪ್ಪು ಜನ. ಪೊಲೀಸ್ ಪಡೆಯಲ್ಲಿ ಮಾತ್ರ ನೂರಕ್ಕೆ ಸುಮಾರು ಐದೇ ಮಂದಿ. ನಾಲ್ಕು ನಾಲ್ಕು ಜನ ಪೊಲೀಸರು ಒಂದೇ ಕಾರಲ್ಲಿ ಗಸ್ತು ಬರುತ್ತಿದ್ದರು. ‘ಬಿಗ್ ಫೋರ್’ ಅಂತ ಹೆಸರು. ಆ ಕಾರು ತಿರುವಿನಲ್ಲಿ ಕಂಡರೆ ಹುಡುಗರು ಮಾತು ನಿಲ್ಲಿಸುತ್ತಿದ್ದರು.

ಡೆಟ್ರಾಯಿಟ್‌ನ ಏಯ್ಟ್ ಮೈಲ್ ರಸ್ತೆ ಹತ್ತಿರ ಇವತ್ತಿಗೂ ಒಂದು ಗೋಡೆ ಇದೆ, ಅದನ್ನೂ ನೋಡಿ ಬನ್ನಿ. ಆರು ಅಡಿ ಎತ್ತರ, ಸುಮಾರು ಅರ್ಧ ಮೈಲಿ ಉದ್ದ. 1941ರಲ್ಲಿ ಬಿಳಿಯರಿಗೆ ಮನೆ ಕಟ್ಟಿಕೊಡುತ್ತಿದ್ದ ಬಿಲ್ಡರ್ ಒಬ್ಬ ಕಟ್ಟಿಸಿದ್ದು. ಪಕ್ಕದಲ್ಲಿ ಕಪ್ಪು ಜನರ ಕೇರಿ ಇದ್ದ ಕಾರಣ ಸರ್ಕಾರದ ಸಂಸ್ಥೆ ಅಲ್ಲಿನ ಮನೆಸಾಲಕ್ಕೆ ಖಾತರಿ ಕೊಡಲು ಒಪ್ಪಿರಲಿಲ್ಲ. ಗೋಡೆ ಎದ್ದ ಮೇಲೆ ಒಪ್ಪಿತು. ಇಂಥ ಗೋಡೆ ಕಟ್ಟಿದ ಗಾರೆ ಕೆಲಸದವನನ್ನೂ ನಿಮ್ಮ ಹನ್ನೊಂದು ಜನರಲ್ಲಿ ಸೇರಿಸಿಕೊಳ್ಳಿ. ಅವನಿಗೆ ಅವತ್ತು ಸಿಕ್ಕಿದ್ದು ಬರೀ ಕೂಲಿ.

ಎರಡನೇ ಜಗಳ ಈ ‘ಸಮ ಸಮ’ದ್ದು. ನೀವು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡಿದ್ದೀರಿ, ಅದರಲ್ಲಿ ಅನುಮಾನ ಇಲ್ಲ. ಹಾಗೇ, ಸುಟ್ಟದ್ದು, ಕದ್ದದ್ದು ಸರಿ ಅಂತ ನಾನೂ ಹೇಳುವುದಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಕೂಡ ಹೇಳಲಿಲ್ಲ. ಗಲಭೆಯಿಂದ ಗಲಭೆ ಮಾಡಿದವರಿಗೇ ನಷ್ಟ ಅಂತ ಅವರು ಮತ್ತೆ ಮತ್ತೆ ಹೇಳಿದರು. ಆದರೆ ಅದರ ಜೊತೆಗೇ, ಗಲಭೆ ಅನ್ನುವುದು ಯಾರೂ ಕೇಳಿಸಿಕೊಳ್ಳದವರ ಭಾಷೆ ಅಂತಲೂ ಹೇಳಿದರು. ಅಮೆರಿಕ ಕೇಳಿಸಿಕೊಳ್ಳದೇ ಹೋದದ್ದೇನು ಅಂತ ಕೇಳಿದರು. ಇದೇ ಕಿಂಗ್ 1963ರ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಲಕ್ಷಕ್ಕೂ ಮಿಕ್ಕಿ ಜನರ ಜೊತೆ ಶಾಂತಿಯಿಂದ ನಡೆದಿದ್ದರು. ‘ನನಗೊಂದು ಕನಸಿದೆ’ ಅನ್ನುವ ಭಾಷಣವನ್ನು ವಾಷಿಂಗ್ಟನ್‌ಗಿಂತ ಎರಡು ತಿಂಗಳು ಮೊದಲೇ ಅಲ್ಲಿ ಮಾಡಿದ್ದರು. ಶಾಂತಿಯಿಂದ ನಡೆದದ್ದೂ ಆಗಿತ್ತು, ಕೇಳಿದ್ದೂ ಆಗಿತ್ತು. ಮತದಾನದ ಹಕ್ಕಿನ ಕಾನೂನಿಗೆ ಅಧ್ಯಕ್ಷರ ಸಹಿ ಬಿದ್ದದ್ದು 1965ರ ಆಗಸ್ಟ್ 6ರಂದು. ಐದೇ ದಿನಕ್ಕೆ ಲಾಸ್ ಏಂಜಲೀಸ್‌ನಲ್ಲಿ ಕಪ್ಪು ಜನರ ವಾಟ್ಸ್ ಕೇರಿ ಹೊತ್ತಿಕೊಂಡಿತು. ಕಾನೂನು ಬಂದರೂ ಮನೆ, ಕೆಲಸ, ಪೊಲೀಸರ ಲಾಠಿ ಇದ್ದ ಹಾಗೇ ಇದ್ದವು, ಅಲ್ವಾ?

ಡೆಟ್ರಾಯಿಟ್‌ನ ಲೆಕ್ಕ ನೋಡಿ. ಐದು ದಿನಕ್ಕೆ 43 ಜನ ಸತ್ತರು. ಅದರಲ್ಲಿ 33 ಕಪ್ಪು ಜನ, 10 ಬಿಳಿಯರು. 7,000ಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಸತ್ತವರಲ್ಲಿ ಹೆಚ್ಚಿನವರು ಪೊಲೀಸರ, ನ್ಯಾಷನಲ್ ಗಾರ್ಡ್ ಅನ್ನುವ ಮೀಸಲು ಸೈನ್ಯದವರ ಗುಂಡಿಗೆ ಸತ್ತವರು. ಒಂದು ಮನೆಯೊಳಗೆ ಯಾರೋ ಸಿಗರೇಟು ಹಚ್ಚಿದ ಬೆಳಕನ್ನು ಬಂದೂಕಿನ ಬೆಂಕಿ ಅಂದುಕೊಂಡು ಗಾರ್ಡ್‌ಗಳು ಮಷಿನ್‌ಗನ್ ಹಾರಿಸಿದರು. ಒಳಗೆ ನಾಲ್ಕು ವರ್ಷದ ಮಗು ಸತ್ತಿತು. ಆಲ್ಜಿಯರ್ಸ್ ಅನ್ನುವ ಮೋಟೆಲ್‌ನಲ್ಲಿ ಮೂವರು ಕಪ್ಪು ಹುಡುಗರು ಪೊಲೀಸರ ಕಾರ್ಯಾಚರಣೆ ವೇಳೆ ಹೆಣವಾದರು. ನ್ಯಾಯಾಲಯದಲ್ಲಿ ಯಾರಿಗೂ ಶಿಕ್ಷೆ ಆಗಲಿಲ್ಲ. ಅದಕ್ಕೂ ಮೊದಲೇ ಜನ ಒಂದು ಚರ್ಚ್‌ನಲ್ಲಿ ತಾವೇ ಸೇರಿ ವಿಚಾರಣೆ ನಡೆಸಿದ್ದರು. ಆ ಜನತಾ ನ್ಯಾಯಾಲಯದ ಜ್ಯೂರಿಯಲ್ಲಿ ಕೂತಿದ್ದವರಲ್ಲಿ ಒಬ್ಬರು ರೋಸಾ ಪಾರ್ಕ್ಸ್. ಹೌದು, ಬಿಳಿಯನಿಗೆ ಬಸ್ಸಿನ ಸೀಟು ಬಿಡಲು ಒಪ್ಪದ ಅದೇ ರೋಸಾ ಪಾರ್ಕ್ಸ್. 1957ರಿಂದ ಆಕೆ ಡೆಟ್ರಾಯಿಟ್‌ನಲ್ಲೇ ಇದ್ದರು. ಶಾಲೆಯ ಪಾಠ ಆಕೆಯನ್ನು 1955ರ ಬಸ್ಸಿನಲ್ಲೇ ಕೂರಿಸಿಬಿಟ್ಟಿದೆ. ನಿಮ್ಮ ಸಿನಿಮಾದಲ್ಲಿ ಆಕೆ ಚರ್ಚ್‌ನ ಬೆಂಚಿನ ಮೇಲೆ ಕೂತು ಸಾಕ್ಷಿಗಳ ಮಾತು ಕೇಳುತ್ತಿರುವುದನ್ನು ಒಮ್ಮೆ ತೋರಿಸಿ.

ಇಂಥ ಲೆಕ್ಕವನ್ನು ಸಮ ಮಾಡಲು ಹೋದರೆ ತಕ್ಕಡಿಗೆ ಸುಳ್ಳು ಕಲ್ಲು ಹಾಕಬೇಕಾಗುತ್ತದೆ. ಪೊಲೀಸ್ ಪಾತ್ರ ಇರಲಿ, ಅವನ ಮನೆ ಇರಲಿ, ಅವನ ಭಯ ಇರಲಿ. ಎಷ್ಟು ನಿಮಿಷ ಅಂತ ಅಳೆದು ಕೊಡಬೇಡಿ.

ಇಷ್ಟು ಬಿಸಿಯಾಗಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈ ‘ಎರಡೂ ಕಡೆ’ ರೋಗ ಸಿನಿಮಾದವರಿಗಿಂತ ಮೊದಲು ಅಂಟಿದ್ದು ನನ್ನ ಕಸುಬಿಗೆ. ವರದಿಗಾರಿಕೆಯ ಮೊದಲ ವರ್ಷ, ಒಂದು ಊರಿನ ಗಲಭೆಗೆ ನನ್ನನ್ನು ಕಳಿಸಿದ್ದರು. ಮೊದಲೇ ಕಲಿಸಿಕೊಟ್ಟಿದ್ದ ಮಾತುಗಳಲ್ಲಿ ವರದಿ ಬರೆದೆ. ‘ಉದ್ರಿಕ್ತ ಗುಂಪು’. ‘ಲಘು ಲಾಠಿ ಪ್ರಹಾರ’. ‘ಪರಿಸ್ಥಿತಿ ಉದ್ವಿಗ್ನ, ಆದರೆ ಹತೋಟಿಯಲ್ಲಿದೆ’. ಮಾರನೇ ದಿನ ಅದೇ ಬೀದಿಯಲ್ಲಿ ಒಬ್ಬ ತಾಯಿ ನನ್ನನ್ನು ಮನೆಯೊಳಗೆ ಕರೆದರು. ಅವರ ಮಗ ಚಾಪೆ ಮೇಲೆ ಮಲಗಿದ್ದ, ಎರಡೂ ಕೈಗೆ ಬ್ಯಾಂಡೇಜು. ‘ಲಘು ಅಂತ ಬರ್ದಿದ್ದೀಯಲ್ಲಪ್ಪಾ, ಇದನ್ನ ನೋಡಿ ಬರ್ದ್ಯಾ?’ ಅಂದರು. ನೋಡಿ ಬರೆದಿರಲಿಲ್ಲ. ಆ ಮಾತು ಠಾಣೆಯಿಂದ ಬಂದದ್ದು, ನಾನು ಹಾಗೇ ಇಳಿಸಿಕೊಂಡಿದ್ದೆ. ಅವತ್ತಿನಿಂದ ‘ಲಘು ಲಾಠಿ ಪ್ರಹಾರ’ ಅನ್ನುವ ಮಾತು ನನ್ನ ಕೈಯಿಂದ ಅಚ್ಚಾಗಿಲ್ಲ, ಈ ಪತ್ರಿಕೆಯಲ್ಲೂ ಅಚ್ಚಾಗಲು ಬಿಟ್ಟಿಲ್ಲ.

ಡೆಟ್ರಾಯಿಟ್‌ನಲ್ಲೂ ಹೀಗೇ ಆಯಿತು. ಗಲಭೆಗಳ ತನಿಖೆಗೆ ಅಧ್ಯಕ್ಷ ಜಾನ್ಸನ್ ನೇಮಿಸಿದ ಕರ್ನರ್ ಆಯೋಗ 1968ರಲ್ಲಿ ವರದಿ ಕೊಟ್ಟಿತು. ಅದರಲ್ಲಿ ಪತ್ರಿಕೆ, ಟೀವಿ ಬಗ್ಗೆಯೇ ಒಂದು ಅಧ್ಯಾಯ ಇದೆ. ಡೆಟ್ರಾಯಿಟ್‌ನಲ್ಲಿ ನಷ್ಟ 20 ಕೋಟಿಯಿಂದ 50 ಕೋಟಿ ಡಾಲರ್ ಅಂತ ಪತ್ರಿಕೆಗಳು ಮೊದಲು ಬರೆದವಂತೆ. ಆಯೋಗ ವರದಿ ಬರೆಯುವ ಹೊತ್ತಿಗೆ ಇದ್ದ ಅತಿ ಹೆಚ್ಚಿನ ಅಂದಾಜು 4.5 ಕೋಟಿ. ಬಿಳಿಯರ ಕಣ್ಣಿನಿಂದ ಮಾತ್ರ ಲೋಕ ನೋಡಿ ಬರೆಯುತ್ತೀರಿ ಅಂತ ಆಯೋಗ ನೇರವಾಗಿ ಹೇಳಿತು. ಜಾನ್ಸನ್ ಆ ಆಯೋಗಕ್ಕೆ ಕೊಟ್ಟಿದ್ದು ಮೂರು ಪ್ರಶ್ನೆ: ಏನಾಯಿತು, ಯಾಕಾಯಿತು, ಮತ್ತೆ ಆಗದಂತೆ ಏನು ಮಾಡಬೇಕು. ಉತ್ತರ ಬಂದಾಗ ಅವರೇ ಅದನ್ನು ಪಕ್ಕಕ್ಕಿಟ್ಟರು. ದೇಶ ಎರಡು ಸಮಾಜವಾಗಿ ಒಡೆಯುತ್ತಿದೆ, ಒಂದು ಕಪ್ಪು, ಒಂದು ಬಿಳಿ, ಬೇರೆ ಬೇರೆ ಮತ್ತು ಅಸಮಾನ ಅಂತ ಬರೆದದ್ದು ಅವರಿಗೆ ರುಚಿಸಲಿಲ್ಲ. ಇವತ್ತಿನ ನಮ್ಮ ಚಾನೆಲ್‌ಗಳನ್ನು ನೋಡಿ. ಮೂರು ಪ್ರಶ್ನೆಯಲ್ಲಿ ಮೊದಲನೆಯದಕ್ಕೇ ರಾತ್ರಿ ಹತ್ತು ಗಂಟೆ ಆಗಿರುತ್ತದೆ.

ಆದರೆ ಚೆನ್ನಾಗಿ ಕೆಲಸ ಮಾಡಿದವರೂ ಇದ್ದರು, ಅದನ್ನು ಹೇಳದೆ ಬಿಡಬಾರದು. ಡೆಟ್ರಾಯಿಟ್ ಫ್ರೀ ಪ್ರೆಸ್ ಪತ್ರಿಕೆಯವರು ಸತ್ತ 43 ಜನರ ಬಗ್ಗೆಯೂ ಒಬ್ಬೊಬ್ಬರಂತೆ ತನಿಖೆ ಮಾಡಿದರು. ಹೆಚ್ಚಿನ ಸಾವುಗಳನ್ನು ತಪ್ಪಿಸಬಹುದಿತ್ತು ಅಂತ ಬರೆದರು. ಸುಮ್ನೆ ಊಹೆ ಮಾಡುವ ಬದಲು ಮಿಷಿಗನ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಮನೆ ಮನೆಗೆ ಹೋಗಿ ಸಮೀಕ್ಷೆ ಮಾಡಿದರು. ಗಲಭೆ ಮಾಡಿದವರು ಓದು ಬಿಟ್ಟ ಪುಂಡರು, ದಕ್ಷಿಣದಿಂದ ಬಂದ ಹಳ್ಳಿಯವರು ಅಂತ ಎಲ್ಲರೂ ಹೇಳುತ್ತಿದ್ದರು. ಸಮೀಕ್ಷೆಯಲ್ಲಿ ಸಿಕ್ಕಿದ್ದೇ ಬೇರೆ. ಕಾಲೇಜು ಮೆಟ್ಟಿಲು ಹತ್ತಿದವರೂ ಹೈಸ್ಕೂಲ್ ಬಿಟ್ಟವರಷ್ಟೇ ಭಾಗವಹಿಸಿದ್ದರು. ಉತ್ತರದಲ್ಲೇ ಬೆಳೆದವರು ದಕ್ಷಿಣದಿಂದ ಬಂದವರಿಗಿಂತ ಜಾಸ್ತಿ ಇದ್ದರು. ಪತ್ರಿಕೆಗೆ 1968ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ನಿಮ್ಮ ಪಾತ್ರಗಳಲ್ಲಿ ಕಲ್ಲು ಹಿಡಿದವನು ಯಾರು ಅಂತ ನೀವು ಬರೆದಿಲ್ಲ. ಅವನು ಕಾಲೇಜು ಓದಿದವನಾಗಿರಲಿ.

ಇನ್ನೂ ಎಷ್ಟು ಜನ ಇದ್ದಾರೆ ಆ ಐದು ದಿನಗಳಲ್ಲಿ! ಬೇಸ್‌ಬಾಲ್ ಆಟಗಾರ ವಿಲ್ಲಿ ಹಾರ್ಟನ್ ಮ್ಯಾಚ್ ಮುಗಿಸಿ, ಆಟದ ಬಟ್ಟೆಯಲ್ಲೇ ಹೋಗಿ ಕಾರಿನ ಮೇಲೆ ನಿಂತು, ಮನೆಗೆ ಹೋಗಿ ಅಂತ ಜನರನ್ನು ಬೇಡಿಕೊಂಡ. ಕಪ್ಪು ಜನರೇ ಗೆಲ್ಲಿಸಿದ್ದ ಸಂಸದ ಜಾನ್ ಕಾನ್ಯರ್ಸ್ ಕೂಡ ಕಾರು ಹತ್ತಿ ಮೈಕ್ ಹಿಡಿದರು, ಜನ ಕೂಗಿ ಇಳಿಸಿದರು. ಫಾಕ್ಸ್ ಥಿಯೇಟರ್‌ನಲ್ಲಿ ಹಾಡುತ್ತಿದ್ದ ಮಾರ್ಥಾ ರೀವ್ಸ್ ಕಾರ್ಯಕ್ರಮ ನಿಲ್ಲಿಸಿ, ಊರಲ್ಲಿ ಬೆಂಕಿ ಬಿದ್ದಿದೆ, ಹುಷಾರಾಗಿ ಮನೆ ಸೇರಿ ಅಂತ ಪ್ರೇಕ್ಷಕರಿಗೆ ಹೇಳಬೇಕಾಯಿತು. ಪಾದ್ರಿಗಳಿಗೆ ಪಾಠ ಕಲಿಸುವ ಒಂದು ಸೆಮಿನರಿಯ ಎದುರಿನ ಏಸುವಿನ ಬಿಳಿ ಪ್ರತಿಮೆಗೆ ಯಾರೋ ರಾತ್ರೋರಾತ್ರಿ ಮುಖ, ಕೈ, ಕಾಲಿಗೆ ಕಪ್ಪು ಬಣ್ಣ ಬಳಿದರು. ಆಮೇಲೆ ಇನ್ಯಾರೋ ಬಂದು ಬಿಳಿ ಬಳಿದರು. ಸೆಮಿನರಿಯವರು ಮತ್ತೆ ಕಪ್ಪು ಬಳಿಸಿದರು. ಅದು ಇವತ್ತಿಗೂ ಕಪ್ಪಾಗಿಯೇ ಇದೆ. ಒಬ್ಬ ಹೀರೋನ ಬೆನ್ನು ಹತ್ತಿದರೆ ಇಷ್ಟನ್ನೆಲ್ಲ ಎಲ್ಲಿ ನೋಡುತ್ತೀರಿ?

‘ನಿನ್ನ ಕಥೆಯಲ್ಲ’ ಅಂದ ಗೆಳೆಯನ ವಿಷಯ. ಅವನ ಎಚ್ಚರಿಕೆ ಒಳ್ಳೆಯದೇ, ಅಲ್ಲಿಯವರ ನೋವನ್ನು ನಾವು ಅಲಂಕಾರ ಮಾಡಿಕೊಳ್ಳಬಾರದು. ಆದರೆ ಸಂಬಂಧ ಇಲ್ಲ ಅಂದರೆ ನಾನು ಒಪ್ಪುವುದಿಲ್ಲ. 1946ರಲ್ಲಿ ಅಂಬೇಡ್ಕರ್ ಅವರು ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದು, ನಿಮ್ಮವರ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆ ಇದೆ ಅಂದಿದ್ದರು. ಅಲ್ಲಿನ ಕಪ್ಪು ಜನರ ಹೋರಾಟದ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರನ್ನೇ ನೋಡಿ 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಮರು ವರ್ಷ ಮೈಸೂರಿನಲ್ಲಿ ಕನ್ನಡ ಸಾಹಿತ್ಯ ಬೂಸಾ ಅಂದ ಸಚಿವ ಬಸವಲಿಂಗಪ್ಪನವರ ಒಂದು ಮಾತಿಗೆ ರಾಜ್ಯವೇ ಹೊತ್ತಿಕೊಂಡಿತು, ಅವರು ಕುರ್ಚಿ ಬಿಡಬೇಕಾಯಿತು. ಅದನ್ನು ಕೆಲವರು ಬೂಸಾ ಗಲಭೆ ಅನ್ನುತ್ತಾರೆ, ಕೆಲವರು ಬೂಸಾ ಪ್ರಕರಣ, ಇನ್ನು ಕೆಲವರು ಬೂಸಾ ಚಳವಳಿ. ಯಾವ ಹೆಸರು ಬಳಸುತ್ತಾರೆ ಅನ್ನುವುದರ ಮೇಲೇ ಅವರು ಅವತ್ತು ಯಾವ ಕಡೆ ನಿಂತಿದ್ದರು ಅಂತ ಗೊತ್ತಾಗುತ್ತದೆ. ಡೆಟ್ರಾಯಿಟ್‌ನಲ್ಲೂ ಹಾಗೇ. ಒಬ್ಬರಿಗೆ ಅದು ರಯಟ್, ಇನ್ನೊಬ್ಬರಿಗೆ ರೆಬೆಲಿಯನ್. ನಮಗೆ ದೊಂಬಿ, ಗಲಭೆ, ದಂಗೆ, ಬಂಡಾಯ ಅಂತ ನಾಲ್ಕು ಪದ ಇವೆ. ಕಾನೂನಿನವರು ದೊಂಬಿ ಅಂತಾರೆ, ಪತ್ರಿಕೆಯವರು ಗಲಭೆ ಅಂತಾರೆ. ತಮ್ಮ ಮಕ್ಕಳಿಗೆ ಕಥೆ ಹೇಳುವಾಗ ಬಂಡಾಯ ಅನ್ನುವವರು ಯಾರು ಅಂತ ಯೋಚಿಸಿ. ಇದನ್ನು ಕೇಳಿಸಿಕೊಳ್ಳುವ ಕಿವಿ ದಾವಣಗೆರೆಯವನಿಗೆ ಇಲ್ಲದೆ ಇನ್ಯಾರಿಗಿದೆ?

ಆದ್ದರಿಂದ ‘ಗಲಭೆ’ ಅನ್ನುವ ಹೆಸರು ತೆಗೆದುಹಾಕಿ. ಬಂಡಾಯ ಅಂತಲೂ ಇಡಬೇಡಿ, ಪ್ರೇಕ್ಷಕನೇ ಹೇಳಿಕೊಳ್ಳಲಿ. ಸದ್ಯಕ್ಕೆ ‘ಹನ್ನೆರಡನೇ ಬೀದಿ’ ಅಂತ ಇರಲಿ. ಆ ಬೀದಿಗೆ ಈಗ ರೋಸಾ ಪಾರ್ಕ್ಸ್ ಹೆಸರಿದೆ. ಮೊದಲ ದೃಶ್ಯ ಹೇಸ್ಟಿಂಗ್ಸ್ ಸ್ಟ್ರೀಟ್‌ನಲ್ಲಿ ಆಗಲಿ. ಜೋ ಅಂಗಡಿಯ ಬಾಗಿಲು ತೆಗೆಯುತ್ತಾನೆ, ಹೊರಗಿನ ಸ್ಪೀಕರ್‌ಗೆ ಒಂದು ರೆಕಾರ್ಡ್ ಹಾಕುತ್ತಾನೆ, ಬೀದಿಗೆಲ್ಲ ಪಾದ್ರಿಯ ದನಿ ಕೇಳುತ್ತದೆ. ಹೊಸದಾಗಿ ಬರೆದ ಮೇಲೆ ಒಂದು ಪ್ರತಿ ಕಳಿಸಿ. ಕಾಗದದ ಮೇಲೆ ಕಳಿಸಿದರೆ ಒಳ್ಳೆಯದು, ನನಗೆ ಪೆನ್ಸಿಲ್ ಹಿಡಿದು ಓದಿ ಅಭ್ಯಾಸ. ಅವನು ರೆಕಾರ್ಡ್‌ಗಳನ್ನು ಪೆಟ್ಟಿಗೆಗೆ ತುಂಬುವ ಪುಟವನ್ನು ಮೊದಲು ತೆಗೆದು ಓದುತ್ತೇನೆ.